ಉಣ್ಣಾಕ ಕರೆಯುವ ದನಿ

ಎಳ್ಳಮಾವಾಸ್ಯೆಯ ಮರುದಿನ ಮಧ್ಯಾಹ್ನ ಮಾದನಹಿಪ್ಪರಗಾದ ದೌಲತರಾಯರ ಮನೆಯಲ್ಲಿ ಒಂದು ಕಳವು ಬಯಲಿಗೆ ಬಂತು. ಬೀಗ ಮುರಿದಿರಲಿಲ್ಲ. ಬಂಗಾರ, ಬೆಳ್ಳಿ, ತೊಗರಿ ಚೀಲ ಎಲ್ಲವೂ ಇದ್ದಲ್ಲೇ ಇದ್ದವು. ಹೋದದ್ದು ಒಂದು ದನಿ. ಹಿಂದಿನ ವರ್ಷ ತೀರಿಕೊಂಡ ಅವರ ಹೆಂಡತಿ ಸುಂದರಬಾಯಿಯ ದನಿ.

ಅದು ಕಂಪ್ಯೂಟರಿನೊಳಗಿತ್ತು. ಆಗ ತೊಂಬತ್ತೆಂಟನೆಯ ಇಸವಿ. ಆ ಊರಿಗೆಲ್ಲ ಅದೊಂದೇ ಕಂಪ್ಯೂಟರು. ಕೆಟ್ಟರೆ ನೋಡುವವರು ಊರಲ್ಲಿರಲಿ, ಸುತ್ತಮುತ್ತ ಎಲ್ಲೂ ಇರಲಿಲ್ಲ, ಒಬ್ಬಳನ್ನು ಬಿಟ್ಟು. ಆಳಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶರಣಬಸಮ್ಮ. ಬೇಸಿಗೆ ರಜೆಯಲ್ಲಿ ಸೊಲ್ಲಾಪುರಕ್ಕೆ ಹೋಗಿ ಕೂತು ಕಂಪ್ಯೂಟರು ಕಲಿತು ಬಂದಿದ್ದಳು. ವೈರಸ್ ಹುಡುಕುವ ಫ್ಲಾಪಿಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ವೈರಸ್ ಎಂದರೆ ನಮ್ಮ ಜನಕ್ಕೆ ಹುಳ. ಹಾಗಾಗಿ ಅವಳು ಹುಳದ ಡಾಕ್ಟರು. ಆ ಹೆಸರು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕರೆದವರ ಮನೆಗೆ ಹೋಗದೆ ಇರುತ್ತಿರಲಿಲ್ಲ.

ಶಾಲೆಗೆ ಫೋನು ಬಂತು.

"ಅಕ್ಕೋರ, ನಮ್ಮ ಕಂಪ್ಯೂಟರಿಗೆ ಹುಳ ಹತ್ಯದ. ಅಕಿನ್ನ ತಿಂದುಬಿಟ್ಟದ."

"ಯಾರನ್ನ್ರಿ?"

"ಅಕಿನ್ನ."

ಆ ಕಡೆಯಿಂದ ಹೆಸರು ಬರಲಿಲ್ಲ. ಬರುವುದೂ ಇಲ್ಲ. ದೌಲತರಾಯರ ವಯಸ್ಸಿನ ಗಂಡಸರು ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸತ್ತ ಮೇಲೂ ಹೇಳುವುದಿಲ್ಲ. ಶರಣಬಸಮ್ಮ ಅರ್ಥಮಾಡಿಕೊಂಡಳು. "ಅದನ್ನ ಮುಟ್ಟಬ್ಯಾಡ್ರಿ. ರವಿವಾರ ಬರ್ತೇನಿ," ಎಂದಳು.

*

ಕಂಪ್ಯೂಟರು ಪಡಸಾಲೆಯ ಮೂಲೆಯಲ್ಲಿತ್ತು. ಮೇಲೆ ಹೂವಿನ ಕಸೂತಿಯ ಹೊದಿಕೆ. ಪೆಟ್ಟಿಗೆಯ ಹಣೆಗೆ ಮೂರು ಬೆರಳಿನ ವಿಭೂತಿ.

ದೌಲತರಾಯರು ನೀರಾವರಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ಬೆನ್ನು. ಅಂಥವರು ಇವತ್ತು ಗುಂಡಿ ತಪ್ಪಿಸಿ ಹಾಕಿಕೊಂಡಿದ್ದರು.

"ಮೈಕು ಹೊಸದಾಗಿ ತಂದಾಗ ಪರೀಕ್ಷಾ ಮಾಡಾಕತ್ತಿದ್ದೆ," ಎಂದರು. "ಅಷ್ಟರಾಗ ಅಡಿಗಿಮನಿಯಿಂದ ಅಕಿ ಕರದಳು. ಉಣ್ಣಾಕ ಬರ್ರಿ, ರೊಟ್ಟಿ ಆರಾಕತ್ತಾವ ಅಂತ. ಅದೂ ಒಳಗ ಬಿತ್ತು. ಫೈಲಿಗೆ ಬರ್ರಿ ಅಂತ ಹೆಸರಿಟ್ಟೆ. ಆಗ ನಕ್ಕಿದ್ವಿ. ಅಕಿ ಹ್ವಾದ ಮ್ಯಾಲ ಉಳದದ್ದು ಅದೊಂದ."

"ದಿನಾ ಕೇಳ್ತಿದ್ರೇನ್ರಿ?"

"ದಿನಾ ಮಧ್ಯಾನ್ನ. ಅಕಿ ಕರೀಬೇಕು, ನಾ ಎದ್ದು ಉಣ್ಣಾಕ ಹೋಗಬೇಕು."

"ಕಡೀಗಿ ಕೇಳಿದ್ದು ಯಾವಾಗ?"

"ಅಮಾಸಿ ಹಿಂದಿನ ದಿನ. ಅಮಾಸಿಗೆ ಹೊಲಕ್ಕ ಹೋಗಿ ಬೆಳಿಗೆ ಚರಗದ ನೈವೇದ್ಯ ಚೆಲ್ಲಿದ್ವಿ, ಊಟಾ ಅಲ್ಲೇ ಆತು. ಮರುದಿನ ನೋಡ್ತೇನಿ, ಇಲ್ಲ. ಸ್ಪೀಕರ್ ಕೆಟ್ಟದೇನೋ ಅಂತ ಮೈಕಿನ್ಯಾಗ ಹಲೋ ಹಲೋ ಅಂತ ತುಂಬಿ ಕೇಳ್ದೆ. ಅದೆಲ್ಲಾ ಕೇಳ್ತದ. ಅಕಿ ಮಾತ್ರ ಇಲ್ಲ."

"ಅಮಾಸಿ ದಿನ ಕಂಪ್ಯೂಟರ್ ಮುಟ್ಟಿದ್ರೇನು?"

"ಮುಂಜಾನೆ ಪೂಜಾ ಮಾಡ್ದೆ. ಪ್ರತಿ ಅಮಾಸಿಗೆ ಹೊರಗ ಒರಸ್ತೇನಿ, ಒಳಗಿನ ಕಸಾನೂ ಚೆಲ್ತೇನಿ. ಮನೀ ಸಾಫ್ ಮಾಡಿ ಕಂಪ್ಯೂಟರ್ ಒಂದ್ ಹೊಲಸ ಇಟ್ರ ಹ್ಯಾಂಗ್ರಿ?"

ಒಬ್ಬ ಹೆಂಗಸು ಚಹಾ ತಂದಿಟ್ಟಳು. ಬೋಳು ಹಣೆ, ಸೆರಗು ತಲೆಯ ಮೇಲೆ. ದೌಲತರಾಯರ ತಂಗಿ ಗುರಮ್ಮ. ಗಂಡ ಸತ್ತ ಮೇಲೆ ಸರಸಂಬಾದಲ್ಲಿ ಒಬ್ಬಳೇ ಇದ್ದಳು. ಅತ್ತಿಗೆ ತೀರಿಕೊಂಡಾಗ ಅಣ್ಣನಿಗೆ ಬೇಯಿಸಿ ಹಾಕಲು ಬಂದವಳು ಇಲ್ಲೇ ಉಳಿದಳು.

"ನೀವೇನರ ನೋಡಿದ್ರೇನವ್ವ?" ಶರಣಬಸಮ್ಮ ಕೇಳಿದಳು.

"ನಾ ಓದಿದಾಕಿ ಅಲ್ರಿ. ಅದರ ಗೊಡವಿ ನಂಗೇನ ತಿಳೀತದ?" ಗುರಮ್ಮ ಒಳಗೆ ಹೋದಳು.

ಶರಣಬಸಮ್ಮ ತನ್ನ ಫ್ಲಾಪಿ ಹಾಕಿ ಯಂತ್ರವನ್ನು ಎಬ್ಬಿಸಿದಳು. ಅದು ಗುರುಗುರು ಎಂದು ಒಂದೊಂದೇ ಫೈಲು ಮೂಸುತ್ತ ಹೋಯಿತು. ದೌಲತರಾಯರು ಬೆನ್ನ ಹಿಂದೆ ನಿಂತೇ ಇದ್ದರು. ಬಹಳ ಹೊತ್ತಿನ ಮೇಲೆ ಪರದೆಯ ಮೇಲೆ ಕೆಂಪು ಸಾಲೊಂದು ಮೂಡಿತು.

ಹುಳ ಇತ್ತು.

"ಹೊರಗಿನ ಫ್ಲಾಪಿ ಯಾವುದರ ಹಾಕಿದ್ರೇನ್ರಿ?"

ಅವರು ಕಪಾಟಿನಿಂದ ಒಂದನ್ನು ತೆಗೆದು ಮೇಜಿನ ಮೇಲೆ ಎಸೆದರು. ಅದರಲ್ಲೂ ಅದೇ ಹುಳ.

"ನಾ ಹೇಳ್ಲಿಲ್ಲೇನ್ರಿ! ಖಾದರ್ಯಾ ತಂದದ್ದು ಇದು. ಅಮಾಸಿ ಹಿಂದಿನ ದಿನ ತಂದಾನ. ಸೊಲ್ಲಾಪುರದಾಗ ಪಂಚಾಂಗದ ಫ್ಲಾಪಿ ಸಿಕ್ತು, ನಿಂಗ ಬೇಕಾಗ್ತದ ಅಂತ. ಬಸ್‌ಸ್ಟ್ಯಾಂಡಿನ್ಯಾಗ ನಾಕ ಮಂದಿ ಮುಂದ ಹೇಳ್ದೆ, ನನ್ನ ಮನಿ ಹೊಸ್ತಲಾ ತುಳೀಬ್ಯಾಡ ಅಂತ. ಅಕಿನ್ನ ಎರಡನೇ ಸಲ ಕೊಂದಿ ಅಂತ ಅಂದೆ."

ಖಾದರಸಾಬರು ಬಸ್‌ಸ್ಟ್ಯಾಂಡಿನ ಬಳಿ ರೇಡಿಯೋ ರಿಪೇರಿ ಮಾಡುವವರು. ಇಬ್ಬರೂ ಒಂದೇ ಹಲಗೆಯ ಮೇಲೆ ಅಕ್ಷರ ತಿದ್ದಿದವರು. ಈ ಕಂಪ್ಯೂಟರನ್ನು ಲಾರಿಯಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡು ತಂದವರೂ ಅವರೇ.

ಶರಣಬಸಮ್ಮನಿಗೆ ಸಿಟ್ಟು ಬಂತು. ಪರೀಕ್ಷೆ ಆಗುವ ಮೊದಲೇ ಶಿಕ್ಷೆ ಕೊಟ್ಟು ಕೂತಿದ್ದ ಈ ಮನುಷ್ಯನಿಗೆ ಏನು ಹೇಳುವುದು?

"ಈ ಹುಳ ನಂಗ ಗೊತ್ತದರಿ," ಎಂದಳು. "ಇದು ಫ್ಲಾಪಿಯಿಂದ ಫ್ಲಾಪಿಗೆ ಹರದಾಡ್ತದ. ಕಂಪ್ಯೂಟರ್ ಏಳೋದು ತಡಾ ಮಾಡ್ತದ. ಅಷ್ಟ. ಫೈಲ್ ತಿನ್ನೋ ಜಾತಿ ಅಲ್ಲ. ತಿನ್ನೋದ ಆಗಿದ್ರ ನಿಮ್ಮ ಕಾಗದಪತ್ರ ಯಾಕ ಬಿಟ್ಟದ? ಹಾಡು ಯಾಕ ಬಿಟ್ಟದ? ಒಂದ ಫೈಲ್ ಆರಿಸಿ ತಿಂದದೇನು?"

ದೌಲತರಾಯರು ಆ ಫ್ಲಾಪಿಯನ್ನು ಎತ್ತಿ ತಿರುಗಿಸಿ ನೋಡಿದರು.

"ಹುಳ ತಗದೇನಿ. ಇನ್ನೊಂದೀಟು ನೋಡಬೇಕು. ಅದಕ್ಕ ಮೊದಲ ಖಾದರಸಾಬರ ಹತ್ರ ಹೋಗಿಬರ್ತೇನಿ."

ಬಾಗಿಲ ಬಳಿ ಗುರಮ್ಮ ತಡೆದಳು. ದನಿ ತಗ್ಗಿಸಿ ಕೇಳಿದಳು.

"ಅಕ್ಕೋರ, ಚೆಲ್ಲಿದ್ದು ತಿರಗಿ ಸಿಗ್ತದೇನ್ರಿ?"

"ನೋಡೋಣವ್ವ," ಎಂದು ಶರಣಬಸಮ್ಮ ಚಪ್ಪಲಿ ಮೆಟ್ಟಿದಳು. ಓಣಿ ತಿರುಗುವಾಗ ಆ ಮಾತಿನಲ್ಲಿ ತುತ್ತಿನೊಳಗಿನ ಹರಳಿನಂತೆ ಏನೋ ಸಿಕ್ಕಂತಾಯಿತು. ಏನೆಂದು ತಿಳಿಯಲಿಲ್ಲ.

*

ಖಾದರಸಾಬರು ಅಂಗಡಿ ಖಾಲಿ ಮಾಡುತ್ತಿದ್ದರು. ಹಳೆಯ ರೇಡಿಯೋಗಳನ್ನು ಗೋಣಿಚೀಲದಲ್ಲಿ ತುಂಬಿ ಬಾಯಿ ಹೊಲಿಯುತ್ತಿದ್ದರು.

"ಎಲ್ಲಿಗ್ರಿ ಹೊಂಟದ್ದು?"

"ಅಕ್ಕಲಕೋಟಕ್ಕ. ಮಗಳು ಪೀರಬಿ ಅಲ್ಲೇ ಇದ್ದಾಳ. ಬಾ ಅಂತ ಎಷ್ಟ ದಿನದಿಂದ ಅನ್ನಾಕತ್ತಿದ್ಲು. ನಂಗ ಊರ ಬಿಡೋ ಮನಸ್ಸಿರಲಿಲ್ಲ." ಸೂಜಿ ಕೆಳಗಿಟ್ಟರು. "ಅಕ್ಕೋರ, ಸುಮ್ಮನ ತ್ರಾಸ ತಗೋಬ್ಯಾಡ್ರಿ. ಗಲತಿ ನಂದ. ಫ್ಲಾಪಿ ನಾನ ತಂದೇನಿ. ಹುಳ ಇತ್ತು ಹೌದಿಲ್ರಿ?"

"ಇತ್ತರಿ."

"ಮುಗೀತಲ್ಲ ಹಂಗಾದ್ರ. ಭಾಭಿ ದನಿ ನಾನ ಕೊಂದೆ."

ಯಾರಾದರೂ ತಪ್ಪೊಪ್ಪಿಕೊಂಡರೆ ಪತ್ತೇದಾರಿಕೆ ಮಾಡುವವರಿಗೆ ಹಗುರಾಗಬೇಕು. ಶರಣಬಸಮ್ಮನಿಗೆ ಎದೆ ಭಾರವಾಯಿತು. ಮಾಡದ ತಪ್ಪನ್ನು ಈ ಮುದುಕರು ಗಟ್ಟಿಯಾಗಿ ಅಪ್ಪಿಕೊಂಡು ಕೂತಿದ್ದರು.

"ಅದು ಫೈಲ್ ತಿನ್ನೋ ಹುಳ ಅಲ್ರಿ ಖಾದರಸಾಬರ. ಆ ದನಿ ತುಂಬಿದ ದಿನ ನೀವೂ ಅಲ್ಲಿದ್ರೇನು?"

"ಇದ್ದೆ. ಮೈಕಿನ ವಾಯರ್ ಜೋಡಿಸಿದಾಂವ ನಾನ." ಅವರ ಮುಖ ಸ್ವಲ್ಪ ಅರಳಿತು. "ನಾವಿಬ್ರೂ ಅದರಾಗ ಮುಳಗಿದ್ವಿ. ಭಾಭಿ ಒಳಗಿಂದ ಕರದರು. 'ಇಬ್ರೂ ಉಣ್ಣಾಕ ಬರ್ರಿ, ರೊಟ್ಟಿ ಆರಾಕತ್ತಾವ.'"

"ಇಬ್ರೂ ಅಂತ ಇತ್ತೇನ್ರಿ?"

"ಇತ್ತರಿ. ಯಾಕ, ದೌಲತ್ಯಾ ಹೇಳ್ಲಿಲ್ಲೇನು?"

ಹೇಳಿರಲಿಲ್ಲ. ಶರಣಬಸಮ್ಮ ಎದ್ದಳು.

"ಬಸ್ ಹತ್ತಬ್ಯಾಡ್ರಿ. ನಾ ಬರೂತನಕ ನಿಲ್ರಿ."

"ಮಧ್ಯಾನ್ನದ ಬಸ್ ಅದ ಅಕ್ಕೋರ. ಅದು ನಿಂತರ ನಾನೂ ನಿಲ್ತೇನಿ," ಎಂದು ಖಾದರಸಾಬರು ಮತ್ತೆ ಸೂಜಿ ಕೈಗೆತ್ತಿಕೊಂಡರು.

*

ವಾಪಸು ಬಂದವಳು ಇನ್ನೊಂದು ಫ್ಲಾಪಿ ತೆಗೆದಳು. ಅಳಿಸಿದ್ದನ್ನು ಹುಡುಕುವ ಫ್ಲಾಪಿ. ಕಂಪ್ಯೂಟರಿಗೆ ಒಂದು ಗುಣವಿದೆ. ಫೈಲನ್ನು ಅಳಿಸು ಎಂದರೆ ಅದರ ಹೆಸರಿನ ಮೊದಲ ಅಕ್ಷರವನ್ನಷ್ಟೇ ಉಜ್ಜಿ, ಜಾಗ ಖಾಲಿ ಎಂದು ಬರೆದುಕೊಳ್ಳುತ್ತದೆ. ಮೇಲೆ ಬೇರೆ ಏನೂ ಬರೆಯದಿದ್ದರೆ ಹಳೆಯದು ಹಾಗೇ ಇರುತ್ತದೆ.

ಗುರುತು ಸಿಕ್ಕಿತು. ಸಿಕ್ಕ ಜಾಗ ನೋಡಿ ಶರಣಬಸಮ್ಮ ಕೀಲಿಮಣೆಯಿಂದ ಕೈ ತೆಗೆದಳು.

ಪರದೆಯ ಮೂಲೆಯಲ್ಲಿ ಒಂದು ಕಸದ ಬುಟ್ಟಿಯ ಚಿತ್ರ ಇರುತ್ತದಲ್ಲ, ಬೇಡವಾದದ್ದನ್ನು ಎಳೆದು ಹಾಕುವುದಕ್ಕೆ. ದನಿಯ ಫೈಲು ಆ ಬುಟ್ಟಿಗೆ ಹೋಗಿತ್ತು. ಆಮೇಲೆ ಬುಟ್ಟಿಯೊಂದಿಗೆ ಖಾಲಿಯಾಗಿತ್ತು.

ಹುಳ ಬುಟ್ಟಿಗೆ ಹಾಕಿ ತಿನ್ನುವುದಿಲ್ಲ. ಬುಟ್ಟಿಗೆ ಹಾಕುವುದು ಮನುಷ್ಯರ ಕೈ.

ಆಗ ಹರಳು ಹಲ್ಲಿಗೆ ಸಿಕ್ಕಿತು. ದೌಲತರಾಯರು ತಿಂದದ ಎಂದರು. ಖಾದರಸಾಬರು ಕೊಂದೆ ಎಂದರು. ಹುಳದ ವಿಷಯ ಕೇಳಿದ ಯಾರಾದರೂ ಹಾಗೆಯೇ ಹೇಳಬೇಕು. ಗುರಮ್ಮ ಒಬ್ಬಳೇ, ಆ ದನಿಗೆ, ಚೆಲ್ಲಿದ್ದು ಎಂದಿದ್ದಳು.

ದೌಲತರಾಯರು ಕೈತೋಟದಲ್ಲಿದ್ದರು. ಶರಣಬಸಮ್ಮ ಅಡುಗೆಮನೆಗೆ ಹೋದಳು. ಗುರಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಗುರಮ್ಮ, ಬುಟ್ಟಿಗೆ ಯಾಕ ಹಾಕಿದ್ರಿ?"

ರೊಟ್ಟಿ ಬಡಿಯುವ ಸದ್ದು ನಿಂತಿತು. ಗುರಮ್ಮ ತಿರುಗಿ ನೋಡಲಿಲ್ಲ. ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದಳು. ಅಳಲಿಲ್ಲ.

"ನಮ್ಮಣ್ಣ ಕಾಗದ ಎಳದು ಬುಟ್ಟಿಗೆ ಹಾಕೋದು ನೋಡಿದ್ದೆ. ಒಮ್ಮೆ ಬೇಕಾತು ಅಂತ ಬುಟ್ಟಿಯಿಂದ ತಿರಗಿ ತಗದದ್ದೂ ನೋಡಿದ್ದೆ. ಅಕ್ಷರ ಬರಂಗಿಲ್ಲ ನಂಗ. ಬುಟ್ಟಿ ಅಂದ್ರ ಬುಟ್ಟಿನ ಅಲ್ರಿ? ವೈನಿ ದನಿ ಎಲ್ಲಿರ್ತದ ಅಂತ ಗೊತ್ತಿತ್ತು. ಹಾಡು ಬರೂ ಕರ್ಣೆ ಇರ್ತದಲ್ರಿ, ಅದರ ಚಿತ್ರ ಇರ್ತದ."

"ಯಾಕವ್ವ?"

"ವರ್ಷ ಆತು ಅಕ್ಕೋರ, ಸರಸಂಬಾದ ಮನಿಗಿ ಬೀಗಾ ಹಾಕಿ ಬಂದು. ದಿನಾ ನಾ ಬೇಯಿಸ್ತೇನಿ. ಅಣ್ಣಾ ಉಣ್ಣ ಬಾ ಅಂತ ದಿನಾ ಕರೀತೇನಿ. ಅಂವಗ ಕೇಳಂಗಿಲ್ಲ. ಆ ಪೆಟಗಿ ಕರೀಬೇಕು, ಆಗ ಏಳಾಂವ. ಅಮಾಸಿ ಹಿಂದಿನ ದಿನ ಕರದು ಕರದು ಸಾಕಾತು. ಕರೆಂಟ್ ಹೋಗಿತ್ತು. ರೊಟ್ಟಿ ಆರಿ ಕಟ್ಟಿಗಿ ಆಗ್ಯಾವ. ಬಾ ಅಣ್ಣಾ ಅಂದ್ರ ಏನಂದ ಗೊತ್ತದೇನ್ರಿ? 'ತಡಿ ಬೇ, ಕರಿಯಾಕಿ ಇನ್ನ ಕರದಿಲ್ಲ.'"

ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಇಬ್ಬರೂ ತೆಗೆಯಲಿಲ್ಲ.

"ಹಂಗಾದ್ರ ನಾ ಯಾರ್ರಿ ಈ ಮನ್ಯಾಗ? ಕರೆಂಟ್ ಬಂತು, ಪೆಟಗಿ ಕರೀತು, ಅಂವ ಉಂಡು ಮಲಗಿದ. ನಾ ಎಳದು ಹಾಕ್ದೆ. ಚೆಲ್ಲಬೇಕಂತಲ್ಲ. ಒಂದೊಪ್ಪತ್ತು ಅಂವಗ ಸಿಗಬಾರದು, ನನ್ನ ದನಿಗಿ ಏಳಬೇಕು, ಆಮ್ಯಾಲ ನಾನ ತೋರಸ್ತೇನಿ ಅಂತ. ಹೊಲದಿಂದ ಬಂದು ನೋಡ್ತೇನಿ, ಬುಟ್ಟಿ ಖಾಲಿ."

ದೌಲತರಾಯರು ಅಮಾವಾಸ್ಯೆಗೆ ಒಳಗಿನ ಕಸ ಚೆಲ್ಲಿದ್ದರು.

"ಹುಳ ಅಂತ ಹೇಳ್ರಿ ಅಕ್ಕೋರ," ಗುರಮ್ಮ ಅವಳ ಕೈ ಹಿಡಿದಳು. "ಕಾಲಿಗೆ ಬೀಳ್ತೇನಿ. ಹುಳಕ್ಕೇನು ಮಾನ ಹೋಗ್ತದೇನ್ರಿ?"

"ಹುಳಕ್ಕ ಹೋಗಂಗಿಲ್ಲವ್ವ. ಹುಳಾ ತಂದ ಖಾದರಸಾಬರಿಗಿ ಹೋಗ್ಯದ. ಅಂಗಡಿ ಖಾಲಿ ಮಾಡಾಕತ್ತಾರ ಅವರು."

ಹುಳ ಎಂದುಬಿಡುವುದು ಎಷ್ಟು ಸುಲಭವಿತ್ತು. ಹುಳ ಇದ್ದದ್ದೂ ನಿಜ. ಒಂದು ಅರ್ಧ ಸುಳ್ಳಿಗೆ ಅಣ್ಣ ತಂಗಿ ನೆಮ್ಮದಿಯಿಂದ ಇರುತ್ತಿದ್ದರು. ಶರಣಬಸಮ್ಮ ಒಂದು ಗಳಿಗೆ ಆಸೆಪಟ್ಟಳು ಕೂಡ. ಗುರಮ್ಮನ ಕೈ ತಣ್ಣಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಗೋಣಿಚೀಲ ಹೊಲಿಯುತ್ತಿದ್ದ ಕೈಯೂ ಅವಳ ಕಣ್ಣ ಮುಂದಿತ್ತು.

ಗುರಮ್ಮ ತಾನೇ ಕೈ ಬಿಟ್ಟಳು. ಸೆರಗು ಸರಿಮಾಡಿಕೊಂಡು ಪಡಸಾಲೆಗೆ ನಡೆದಳು.

"ಅಣ್ಣಾ," ಎಂದು ಕರೆದಳು. "ಜರಾ ಒಳಗ ಬಾ."

*

ದೌಲತರಾಯರು ಪೂರ್ತಿ ಕೇಳಿದರು. ಶರಣಬಸಮ್ಮ ಬುಟ್ಟಿಯ ಗುರುತು ತೋರಿಸಿದಳು, ಹುಳ ಯಾಕಲ್ಲ ಎಂದು ಬಿಡಿಸಿ ಹೇಳಿದಳು, ಒಂದು ಮಾತು ಹೇಗೆ ದಾರಿ ತೋರಿಸಿತೆಂದೂ ಹೇಳಿದಳು. ಗುರಮ್ಮ ಗೋಡೆಗೆ ಒರಗಿ ನಿಂತಿದ್ದಳು.

"ಕೇಳ್ತದರಿ ಅದು," ಕೊನೆಗೆ ದೌಲತರಾಯರು ಎಂದರು. "ಬುಟ್ಟಿ ಚೆಲ್ಲೂ ಮುಂದ ಕಂಪ್ಯೂಟರ್ ಕೇಳ್ತದ. ಖರೇನ ಚೆಲ್ಲಬೇಕೇನು ಅಂತ. ನನ್ನವ ಹಳೇ ಕಾಗದ ಅವ ಅನಕೊಂಡೆ. ತಗದೂ ನೋಡ್ಲಿಲ್ಲ. ಹೌದು ಅಂದೆ." ತಂಗಿಯ ಕಡೆ ನೋಡಿದರು. "ನೀ ಬರೇ ಮುಚ್ಚಿಟ್ಟಿ. ಚೆಲ್ಲಿದಾಂವ ನಾ."

"ಅಣ್ಣಾ..."

"ತಿರಗಿ ತಗೀರಿ ಅಕ್ಕೋರ. ಗುರ್ತು ಸಿಕ್ಕದಲ್ಲ."

ಶರಣಬಸಮ್ಮ ಹೋದ ಅಕ್ಷರ ತುಂಬಿದಳು. ಫೈಲು ಎದ್ದು ಬಂತು. ದೌಲತರಾಯರು ಕುರ್ಚಿಯ ಅಂಚಿಗೆ ಬಂದು ಕೂತರು. ಸ್ಪೀಕರ್ ಗೊರಗೊರ ಎಂದಿತು.

"ಹಲೋ... ಹಲೋ... ಕೇಳ್ತದೇನು?"

ದೌಲತರಾಯರದೇ ದನಿ. ಅಂದು ಸ್ಪೀಕರ್ ಕೆಟ್ಟಿದೆಯೆಂದು ಮೈಕಿನಲ್ಲಿ ಅಂದಿದ್ದ ಹಲೋ. ಖಾಲಿ ಜಾಗ ಹುಡುಕಿ ಅದು ಸರಿಯಾಗಿ ಅಲ್ಲೇ ಹೋಗಿ ಕೂತಿತ್ತು. ಹೆಂಡತಿಯನ್ನು ಹುಡುಕುತ್ತ ಆಡಿದ ಮಾತು ಹೆಂಡತಿಯ ಮಾತನ್ನು ಮುಚ್ಚಿಹಾಕಿತ್ತು. ಅದರ ಕೆಳಗೆ ಏನೂ ಉಳಿದಿರಲಿಲ್ಲ. ಶರಣಬಸಮ್ಮ ಮತ್ತೆ ಮತ್ತೆ ನೋಡಿದಳು. ಇಲ್ಲ ಎಂದು ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ.

"ಆ ದನ್ಯಾಗ ಅವರ ಮೊದಲನೇ ಮಾತು ಏನಿತ್ತರಿ?" ಅವಳು ಮೆಲ್ಲಗೆ ಕೇಳಿದಳು.

ದೌಲತರಾಯರು ಸ್ಪೀಕರ್ ಆರಿಸಿದರು.

"ಇಬ್ರೂ," ಎಂದರು. ಚಪ್ಪಲಿ ಹಾಕಿಕೊಳ್ಳದೆ ಹೊರಗೆ ನಡೆದರು.

*

ಅಕ್ಕಲಕೋಟದ ಬಸ್ಸು ನಿಂತಿತ್ತು. ಗೋಣಿಚೀಲಗಳು ಮೇಲೇರಿದ್ದವು. ಅಂದು ಬೈಗುಳ ಕೇಳಿದ್ದ ಅದೇ ಜನ ಚಹಾದಂಗಡಿಯ ಮುಂದೆ ಕೂತಿದ್ದರು. ದೌಲತರಾಯರು ಅವರೆಲ್ಲರಿಗೂ ಕೇಳುವಂತೆ ಹೇಳಿದರು.

"ಖಾದರ್ಯಾ, ಗಲತಿ ನಂದು. ಹುಳ ತಿಂದಿಲ್ಲ. ನನ್ನ ಕೈಲೆ ನಾನ ಚೆಲ್ಲೇನಿ. ಮಾಫ್ ಮಾಡು. ಇಳಿ ಕೆಳಗ, ಮನಿಗಿ ನಡಿ."

ತಂಗಿಯ ಹೆಸರು ಎತ್ತಲಿಲ್ಲ. ಶರಣಬಸಮ್ಮನಿಗೆ ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಖಾದರಸಾಬರು ಬಸ್ಸಿನ ಕಿಟಕಿಯಿಂದ ಗೆಳೆಯನ ಬರಿಗಾಲು ನೋಡಿದರು.

"ಮಾಫ್ ಅದ ದೌಲತ್ಯಾ. ಬೈದದ್ದು ನಾ ಅವತ್ತ ಮರ್ತೇನಿ."

"ಮತ್ತ ಇಳಿ."

"ಆ ದನಿ ನನ್ನೂ ಕರೀತಿತ್ತು. ವರ್ಷಪೂರ್ತಿ ನೀ ಒಬ್ಬನ ಕುಂತು ಕೇಳಿದಿ. ಬಾ ಲೇ ಖಾದರ್ಯಾ, ನೀನೂ ಕೇಳು ಅಂತ ಒಂದಿನಾ ಅನ್ಲಿಲ್ಲ. ಭಾಭಿ ಹ್ವಾದ ಮ್ಯಾಲ ಆ ಮನ್ಯಾಗ ನನ್ನ ಉಣ್ಣಾಕ ಯಾರ ಕರದಾರ?"

ಕಂಡಕ್ಟರ್ ಬಾಗಿಲು ಬಡಿದ. ಖಾದರಸಾಬರು ಕೈ ಚಾಚಿ ಗೆಳೆಯನ ಭುಜ ಮುಟ್ಟಿದರು.

"ಬರ್ತೇನಿ. ಇವತ್ತಲ್ಲ."

ಬಸ್ಸು ಖಜೂರಿ ಊರಿನ ದಾರಿಗೆ ಹೊರಳಿತು. ಧೂಳು ತಗ್ಗುವವರೆಗೆ ದೌಲತರಾಯರು ನಿಂತಲ್ಲೇ ನಿಂತಿದ್ದರು.

*

ಮನೆಗೆ ಬಂದಾಗ ಹೊತ್ತು ಇಳಿದಿತ್ತು. ದೌಲತರಾಯರು ಅಭ್ಯಾಸದಂತೆ ಕಂಪ್ಯೂಟರಿನ ಮುಂದೆ ಕೂತರು. ಕೂತವರಿಗೆ ಮಾಡಲು ಏನೂ ಇರಲಿಲ್ಲ. ಶರಣಬಸಮ್ಮ ಫ್ಲಾಪಿಗಳನ್ನು ಡಬ್ಬಿಗೆ ತುಂಬಿದಳು. ಯಂತ್ರ ಈಗ ಚೊಕ್ಕಟವಾಗಿತ್ತು. ಒಂದು ಹುಳವೂ ಇರಲಿಲ್ಲ. ಅದನ್ನು ಹೇಳಲು ಅವಳಿಗೆ ನಾಚಿಕೆಯಾಯಿತು.

ಒಳಗೆ ತಾಟು ಇಟ್ಟ ಸದ್ದಾಯಿತು. ಮನೆಗೆ ಬಂದವಳನ್ನೂ ಅಣ್ಣನನ್ನೂ ಕೂಡಿಯೇ ಕರೆಯಬೇಕಲ್ಲ. ಗುರಮ್ಮ ಯೋಚಿಸದೆ ಕರೆದಳು.

"ಇಬ್ರೂ ಉಣ್ಣಾಕ ಬರ್ರಿ. ರೊಟ್ಟಿ ಆರಾಕತ್ತಾವ."

ಅದು ಅತ್ತಿಗೆಯದೇ ಕರೆ ಎಂದು ಅಂದ ಮೇಲೆ ಅವಳಿಗೇ ಅರಿವಾಗಿರಬೇಕು.

ದೌಲತರಾಯರು ಬೀದಿಬಾಗಿಲ ಕಡೆ ತಿರುಗಿ ನೋಡಿದರು. ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಕಸೂತಿಯ ಹೊದಿಕೆಯನ್ನು ಎತ್ತಿ ಕಂಪ್ಯೂಟರಿನ ಮೇಲೆ ಹಾಕಿ, ಮೂಲೆಗಳನ್ನು ಸರಿಮಾಡಿದರು.

"ಬಂದೆವ್ವ," ಎಂದು ತಂಗಿಗೆ ಓಗೊಟ್ಟು ಎದ್ದರು.